ಹೆಲ್ಮ್‌ಫೋರ್ಡ್ ಸಂತೆಯ ಪಾಠ

ದೋಹಾದ ಶಾಲೆಗಳಿಗೆ ಹೊಸದಾಗಿ ಟೀಚರ್ ಆಗಿ ಬರುವ ನಮ್ಮ ಕಡೆಯ ಹುಡುಗಿಯರು ಅಲ್ ಸದ್ದ್‌ನ ನಮ್ಮ ಫ್ಲಾಟಿಗೆ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು. ಮಕ್ಕಳು ಮಾತು ಕೇಳುತ್ತಾರಾ, ಬಸ್ ಡ್ಯೂಟಿ ಇರುತ್ತದಾ, ಇನ್ಸ್‌ಪೆಕ್ಷನ್‌ಗೆ ಬಂದವರು ಏನು ನೋಡುತ್ತಾರೆ. ಗೊತ್ತಿದ್ದದ್ದನ್ನು ಹೇಳುತ್ತೇನೆ. ಅವರು ಚಹಾ ಕುಡಿದು ಲಿಫ್ಟ್ ಇಳಿದ ಮೇಲೆ, ಹೇಳಲೇಬೇಕಾದ ಒಂದನ್ನು ಮಾತ್ರ ಹೇಳಲಿಲ್ಲ ಅನ್ನಿಸಿ ಅಡುಗೆಮನೆಗೂ ಬಾಲ್ಕನಿಗೂ ಓಡಾಡುತ್ತೇನೆ. ಇಪ್ಪತ್ತೆರಡು ವರ್ಷ ತರಗತಿಯಲ್ಲಿ ಕುರ್ಚಿಯ ಮೇಲೆ ಕೂತವಳಲ್ಲ. ನಿವೃತ್ತಿಯಾದರೂ ಕಾಲುಗಳಿಗೆ ಅದು ತಿಳಿದಿಲ್ಲ. ಇನ್ನು ಓಡಾಡುವುದಕ್ಕಿಂತ ಬರೆದುಬಿಡುವುದು ಮೇಲು.

ನನ್ನ ಹೆಸರು ಸುಮತಿ. ಉಡುಪಿ ಹತ್ತಿರದ ಕಟಪಾಡಿಯವಳು. ಗಂಡ ದಿವಾಕರ ಮೆಸಯೀದ್‌ನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅವರು ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ಬಿ.ಎಡ್. ಸರ್ಟಿಫಿಕೇಟು ಕಪಾಟಿನಲ್ಲಿ ಬಿದ್ದಿತ್ತು. ಬ್ರಿಟಿಷ್ ಸಿಲೆಬಸ್ಸಿನ ಒಂದು ಖಾಸಗಿ ಶಾಲೆಯಲ್ಲಿ ಇತಿಹಾಸ, ಭೂಗೋಳ ಕಲಿಸುತ್ತಿದ್ದ ಇಂಗ್ಲೆಂಡಿನ ಟೀಚರ್ ನಡುವೆಯೇ ಬಿಟ್ಟು ಹೋದರೆಂದು ಆರು ತಿಂಗಳ ಮಟ್ಟಿಗೆ ನನ್ನನ್ನು ತೆಗೆದುಕೊಂಡರು. ಆ ಆರು ತಿಂಗಳು ಇಪ್ಪತ್ತೆರಡು ವರ್ಷವಾಯಿತು. ಪ್ರತಿ ಏಪ್ರಿಲ್‌ನಲ್ಲಿ, ಮುಂದಿನ ವರ್ಷಕ್ಕೂ ನೀವು ಬೇಕು ಎಂಬ ಕಾಗದ ಕೈಗೆ ಬರುವವರೆಗೆ ಊಟ ಸೇರುತ್ತಿರಲಿಲ್ಲ.

ಆರನೇ ತರಗತಿಗೆ ಒಂದು ದೊಡ್ಡ ಪಾಠವಿತ್ತು: ಇಂಗ್ಲೆಂಡಿನ ಒಂದು ಸಂತೆಪೇಟೆ. ಪುಸ್ತಕ ಆರಿಸಿಕೊಂಡಿದ್ದ ಊರು ಹೆಲ್ಮ್‌ಫೋರ್ಡ್. ನೂರಾರು ವರ್ಷಗಳ ಹಿಂದೆ ಒಬ್ಬ ರಾಜ ಈ ಊರಿಗೆ ಬುಧವಾರ ಸಂತೆ ನಡೆಸುವ ಹಕ್ಕು ಬರೆದುಕೊಟ್ಟ. ಸುತ್ತಲಿನ ಹಳ್ಳಿಗಳಿಂದ ಉಣ್ಣೆ, ಧಾನ್ಯ, ದನಕರು ಬಂದವು. ಚೌಕದ ನಡುವೆ ಕಲ್ಲಿನ ಕಂಬಗಳ ಮೇಲೊಂದು ಮಾಡು ಕಟ್ಟಿದರು, ಅದರ ಹೆಸರು ಬಟರ್ ಕ್ರಾಸ್. ಆಮೇಲೆ ರೈಲು ಬಂತು, ಆಮೇಲೆ ರೈಲು ಹೋಯಿತು. ಎಂಟು ಪುಟ, ಒಂದು ನಕ್ಷೆ, ಮೂರು ಕಪ್ಪು-ಬಿಳುಪು ಚಿತ್ರ. ನಾನು ಅಲ್ಲಿಯವರೆಗೆ ಕಂಡಿದ್ದ ದೊಡ್ಡ ಊರುಗಳು ಮಂಗಳೂರು, ಮುಂಬಯಿ, ದೋಹಾ.

ಮೊದಲ ವರ್ಷ ಪುಸ್ತಕದಲ್ಲಿದ್ದದ್ದನ್ನೇ ಓದಿ ದಾಟಿಸಿದೆ. ಬಟರ್ ಕ್ರಾಸ್ ಎಂದರೆ ವ್ಯಾಪಾರಕ್ಕೆ ಮೊದಲು ಪ್ರಾರ್ಥನೆ ಮಾಡುವ ಜಾಗ ಎಂದು ಹೇಳಿಬಿಟ್ಟಿದ್ದೆ. ಹೆಂಗಸರು ಬೆಣ್ಣೆ, ಮೊಟ್ಟೆ ಇಟ್ಟುಕೊಂಡು ಕೂರುವ ನೆರಳು ಅದು ಎಂದು ಗೊತ್ತಾದದ್ದು ಮರುವರ್ಷ. ಆ ತಪ್ಪು ನನ್ನನ್ನು ಅಷ್ಟು ಕಾಡಿಲ್ಲ. ಕಾಡಿದ್ದು ಎರಡನೇ ವರ್ಷದ್ದು.

ಆ ವರ್ಷ ಶಾಲೆ ತೆರೆದ ವಾರವೇ ಸೂಪರ್‌ವೈಸರ್ ನನ್ನನ್ನು ಕರೆದು, "ಇಂಗ್ಲೆಂಡ್ ಬಗ್ಗೆ ಇಂಡಿಯನ್ ಟೀಚರ್ ಯಾಕೆ ಕಲಿಸುವುದು ಅಂತ ಇಬ್ಬರು ಪೇರೆಂಟ್ಸ್ ಕೇಳಿದ್ದಾರೆ. ಸುಮ್ಮನೆ ನಿಮಗೆ ಗೊತ್ತಿರಲಿ ಅಂತ ಹೇಳಿದೆ," ಎಂದಿದ್ದರು. ಸುಮ್ಮನೆ ಗೊತ್ತಿರಲಿ ಎಂದು ಹೇಳಿದ ಮಾತು ಸುಮ್ಮನಿರುತ್ತದೆಯೇ? ಮರುದಿನ ಹೆಲ್ಮ್‌ಫೋರ್ಡ್ ಪಾಠ ಶುರು ಮಾಡಿದೆ. ಎರಡನೇ ಸಾಲಿನಲ್ಲಿ ನೂರಾ ಎಂಬ ಕತಾರಿ ಹುಡುಗಿ ಕೂರುತ್ತಿದ್ದಳು. ಹನ್ನೊಂದು ವರ್ಷ, ಯಾವುದನ್ನೂ ಹಾಗೇ ಒಪ್ಪಿಕೊಳ್ಳುವ ಜಾತಿಯಲ್ಲ. ಕೈ ಎತ್ತಿದಳು.

"ಮಿಸ್, ನೀವು ಅಲ್ಲಿಗೆ ಹೋಗಿದ್ದೀರಾ?"

"ಹೋಗಿದ್ದೇನೆ," ಎಂದೆ. ಸಾಲದ್ದಕ್ಕೆ, "ಎರಡು ಸಲ."

ಆ ಮಾತು ಎಲ್ಲಿಂದ ಬಂತೋ ಈಗಲೂ ತಿಳಿಯದು. ಬಂದ ಮೇಲೆ ಅದಕ್ಕೆ ಊಟ ಹಾಕಿ ಸಾಕಬೇಕಾಯಿತು. ಅಲ್ಲಿ ಚಳಿ ಎಷ್ಟು? ಅಂಗಡಿಯವರು ಏನು ಕೂಗುತ್ತಾರೆ? ಚರ್ಚಿನ ಒಳಗೆ ಏನಿದೆ? ಮಕ್ಕಳು ಕೇಳಿದಂತೆಲ್ಲ ನಾನು ಕಟ್ಟಿದೆ. ನಕ್ಷೆಯಲ್ಲಿ ಚರ್ಚು ಮತ್ತು ನದಿ ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು. ಅದನ್ನು ನಂಬಿ, ಚರ್ಚಿನ ಮೆಟ್ಟಿಲ ಮೇಲೆ ಕೂತು ನದಿಯಲ್ಲಿ ಮೀನು ನೋಡಿದೆ ಎಂದೆ. ಮಕ್ಕಳಿಗೆ ಆ ಮೀನು ಬಹಳ ಇಷ್ಟವಾಯಿತು. ನೂರಾ ಅದರ ಚಿತ್ರ ಬರೆದು ಗೋಡೆಗೆ ಅಂಟಿಸಿದಳು. ಪ್ರತಿದಿನ ತರಗತಿಗೆ ಹೋದಾಗ ಆ ಹಸಿರು ಮೀನು ನನ್ನನ್ನು ನೋಡುತ್ತಿತ್ತು. ನಾನು ಕಿಟಕಿ ಕಡೆಗೆ ನಿಂತು ಪಾಠ ಮಾಡುತ್ತಿದ್ದೆ.

ಜನವರಿಯಲ್ಲಿ ನಮ್ಮ ವಿಭಾಗಕ್ಕೆ ಹೊಸ ಮುಖ್ಯಸ್ಥೆ ಬಂದರು, ಮಿಸ್ ಬ್ರೆಂಡಾ. ಐವತ್ತು ದಾಟಿದ ಇಂಗ್ಲಿಷ್ ಹೆಂಗಸು. ಮಸ್ಕತ್, ನೈರೋಬಿ ಎಲ್ಲ ತಿರುಗಿ ಬಂದವರು. ಮಾತು ಕಡಿಮೆ. ಬಂದ ಎರಡನೇ ವಾರ ನನ್ನ ಪಾಠ ನೋಡಲು ಹಿಂದಿನ ಬೆಂಚಿನಲ್ಲಿ ಕೂತರು. ಪಾಠ ಬೇರೆಯೇ ಇತ್ತು, ಮರುಭೂಮಿಯ ಮಣ್ಣಿನ ಬಗ್ಗೆ. ಆದರೆ ನೂರಾಗೆ ಅತಿಥಿಯ ಮುಂದೆ ತನ್ನ ಟೀಚರನ್ನು ಮೆರೆಸುವ ಆಸೆ.

"ಮಿಸ್, ಇವರಿಗೆ ಹೆಲ್ಮ್‌ಫೋರ್ಡ್ ಮೀನಿನ ಕಥೆ ಹೇಳಿ. ಚರ್ಚಿನ ಮೆಟ್ಟಿಲಿಂದ ನೋಡಿದ್ರಲ್ಲ, ಅದು!"

ಬ್ರೆಂಡಾ ಬರೆಯುತ್ತಿದ್ದ ಪೆನ್ನು ನಿಂತಿತು. ನಾನು ಏನೋ ಹೇಳಿ ಮಣ್ಣಿಗೆ ವಾಪಸು ಬಂದೆ.

ಬೆಲ್ ಆದ ಮೇಲೆ ಅವರು ಬಾಗಿಲು ಮುಂದೆ ಮಾಡಿ ಕೇಳಿದರು: "ಹೆಲ್ಮ್‌ಫೋರ್ಡ್‌ಗೆ ನೀವು ಯಾವಾಗ ಹೋಗಿದ್ದಿರಿ?"

ನಾನು ಬೋರ್ಡು ಒರೆಸಲು ಡಸ್ಟರ್ ಎತ್ತಿಕೊಂಡೆ.

"ನಾನು ಹುಟ್ಟಿದ್ದು ಅಲ್ಲಿ," ಎಂದರು. "ಈ ಪುಸ್ತಕದಿಂದಾಗಿ ಯಾವ ದೇಶದ ಶಾಲೆಗೆ ಹೋದರೂ ನನ್ನ ಊರು ನನಗಿಂತ ಮೊದಲೇ ಅಲ್ಲಿರುತ್ತದೆ. ಚರ್ಚು ಇರುವುದು ಗುಡ್ಡದ ಮೇಲೆ. ನದಿ ಕೆಳಗೆ, ಅರ್ಧ ಮೈಲಿ ಆಚೆ. ಮೆಟ್ಟಿಲಿಂದ ಮೀನು ಕಾಣಬೇಕಾದರೆ ನಿಮ್ಮ ಕುತ್ತಿಗೆ ಬಹಳ ಉದ್ದ ಇರಬೇಕು."

"ಹೋಗಿಲ್ಲ," ಎಂದೆ. "ಒಮ್ಮೆಯೂ ಹೋಗಿಲ್ಲ."

ಅವರು ಗೋಡೆಯ ಹಸಿರು ಮೀನನ್ನು ನೋಡಿದರು. "ಪ್ರಿನ್ಸಿಪಾಲರಿಗೆ ನಾನು ಹೇಳುವುದಿಲ್ಲ. ಮಕ್ಕಳಿಗೆ ನೀವು ಹೇಳಬೇಕು. ಗುರುವಾರದೊಳಗೆ."

ಅಂದು ಸೋಮವಾರ. ಸಂಜೆ ದಿವಾಕರರು ಬಸ್ಸಿಳಿದು ಬಂದು ಬೂಟು ಬಿಚ್ಚುವ ಮೊದಲೇ ಎಲ್ಲ ಹೇಳಿದೆ.

"ಎಂತಕ್ಕೆ ಮಾರಾಯ್ತಿ ಸುಳ್ಳು ಹೇಳ್ಲಿಕ್ಕೆ ಹೋದದ್ದು?" ಎಂದರು. ಆಮೇಲೆ ನನ್ನ ಮುಖ ನೋಡಿ, "ಈಗ ಹೇಳ್ಬೇಡ. ಮಕ್ಕಳು ಮನೆಗೆ ಹೋಗಿ ಅಪ್ಪ-ಅಮ್ಮನ ಹತ್ರ ಹೇಳ್ತಾರೆ. ಏಪ್ರಿಲ್‌ನಲ್ಲಿ ಕಾಗದ ಬರ್ಲಿಕ್ಕುಂಟಲ್ಲ, ಅದು ಬರ್ಲಿ, ಮತ್ತೆ ನೋಡುವ."

"ಗುರುವಾರದೊಳಗೆ ಅಂದಿದ್ದಾರೆ ಅವರು."

"ಅವ್ರಿಗೆಂತ? ಅವ್ರು ಆ ಊರಿನವ್ರು."

ಮಂಗಳವಾರ ಹೇಳಲು ಹೋದೆ, ಆಗಲಿಲ್ಲ. ಬುಧವಾರ ಫೈರ್ ಡ್ರಿಲ್ ಬಂತು, ಖುಷಿಪಟ್ಟೆ. ಗುರುವಾರ ಕೊನೆಯ ಪೀರಿಯಡ್ಡಿನಲ್ಲಿ, ಮಕ್ಕಳು ಬ್ಯಾಗು ಕಟ್ಟುತ್ತಿರುವಾಗ, ಕೂರಿಸಿ ಹೇಳಿದೆ. ನಾನು ಹೆಲ್ಮ್‌ಫೋರ್ಡ್‌ಗೆ ಹೋಗಿಲ್ಲ. ಇಂಗ್ಲೆಂಡಿಗೇ ಹೋಗಿಲ್ಲ. ನಿಮಗೆ ಹೇಳಿದ್ದು ಸುಳ್ಳು. ಹೆದರಿಕೆಯಿಂದ ಹೇಳಿದೆ, ತಪ್ಪಾಯಿತು.

ನೂರಾ ಎದ್ದು ನಿಂತು ಒಂದೇ ಮಾತು ಕೇಳಿದಳು: "ಹಾಗಾದರೆ ಮೀನು?"

"ಮೀನೂ ಸುಳ್ಳು."

ಅವಳು ಗೋಡೆಯ ಹತ್ತಿರ ಹೋಗಿ ಚಿತ್ರವನ್ನು ಮೂಲೆ ಹರಿಯದಂತೆ ನಿಧಾನವಾಗಿ ಬಿಡಿಸಿ, ಮಡಚಿ, ಬ್ಯಾಗಿಗೆ ಹಾಕಿಕೊಂಡು ಹೊರಟುಹೋದಳು. ನನ್ನ ಕಡೆ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಆಫೀಸಿನಿಂದ ಕರೆ ಬಂತು: ನೂರಾಳ ಅಜ್ಜ ಬಂದಿದ್ದಾರೆ, ಟೀಚರನ್ನು ನೋಡಬೇಕಂತೆ. ಕಾರಿಡಾರಿನಲ್ಲಿ ನಡೆಯುತ್ತ ಮನಸ್ಸಿನಲ್ಲೇ ಮೇಜು ಖಾಲಿ ಮಾಡಿದೆ. ಬಿಳಿ ನಿಲುವಂಗಿ ತೋಬ್ ತೊಟ್ಟ, ಕೋಲು ಹಿಡಿದ ಮುದುಕರು ಎದ್ದು ನಿಂತೇ ಇದ್ದರು. ಮುಂಬಯಿ ವ್ಯಾಪಾರಿಗಳ ಜೊತೆ ಕಲಿತ ಹಿಂದಿಯಲ್ಲಿ ಕೇಳಿದರು: "ಸುಳ್ಳು ಹೇಳಿದ ಟೀಚರ್ ನೀವೇನಾ?"

"ಹೌದು, ನಾನೇ."

"ಅದು ಸುಳ್ಳು ಅಂತ ಮಕ್ಕಳಿಗೆ ಹೇಳಿದ್ದೂ ನೀವೇನಾ? ಬೇರೆ ಯಾರೂ ಹೇಳಿಸಲಿಲ್ಲವಾ?"

"ಹೇಳಬೇಕು ಅಂತ ಒಬ್ಬರು ಹೇಳಿದರು. ಹೇಳಿದ್ದು ನಾನು."

ಅವರು ಕೂತರು. ನನಗೂ ಕೂರಲು ಹೇಳಿದರು. "ಮಾಫಿ ಮುಷ್ಕಿಲ್. ಏನೂ ತೊಂದರೆಯಿಲ್ಲ. ನನ್ನ ಮೊಮ್ಮಗಳು ಎರಡು ದಿನ ಮಾತಾಡಿಲ್ಲ, ಅದಕ್ಕೆ ಬಂದೆ. ಸಂತೆ ಅಂದರೆ ಏನು ಅಂತ ತಾನೇ ನಿಮ್ಮ ಪಾಠ? ನನ್ನದು ಇಲ್ಲಿಯ ಹಳೆ ಸಂತೆ ಸೂಕ್‌ನಲ್ಲಿ ಹಗ್ಗದ ಅಂಗಡಿ ಇತ್ತು. ನಾನು ಕಂಡದ್ದನ್ನು ತೋರಿಸುತ್ತೇನೆ. ಯಲ್ಲಾ, ಇನ್ನು ತಡವೇಕೆ, ಮಕ್ಕಳನ್ನು ಯಾವತ್ತು ಕರೆತರುತ್ತೀರಿ?"

ಅನುಮತಿ ಕಾಗದಗಳಿಗೆ ಎರಡು ವಾರ ಹಿಡಿಯಿತು. ಬ್ರೆಂಡಾ ಎಲ್ಲದಕ್ಕೂ ಸಹಿ ಮಾಡಿ, ತಾವೂ ಬಸ್ಸು ಹತ್ತಿದರು. ಸೂಕ್‌ನ ಓಣಿಯಲ್ಲಿ ಅಜ್ಜ ಕೋಲಿನಿಂದ ಗೋಡೆ ಮುಟ್ಟಿ ಹೇಳಿದ ಮೊದಲ ಮಾತೇ ನನ್ನ ನೋಟ್ಸನ್ನೆಲ್ಲ ಕೆಡಿಸಿತು: "ಈ ಗೋಡೆ ಹಳೆಯದಲ್ಲ. ಹಳೆಯದರ ಹಾಗೆ ಹೊಸದಾಗಿ ಕಟ್ಟಿದ್ದು. ಚೆನ್ನಾಗಿ ಕಟ್ಟಿದ್ದಾರೆ. ಆದರೆ ಹಳೆಯದು ಅಂತ ಬರೆದುಕೊಳ್ಳಬೇಡಿ." ಸಮುದ್ರದ ನೀರು ಹಿಂದೆ ಎಲ್ಲಿಯವರೆಗೆ ಬರುತ್ತಿತ್ತು, ದೋಣಿಯವರು ಎಲ್ಲಿ ಇಳಿದು ಹಗ್ಗ ಕೊಳ್ಳುತ್ತಿದ್ದರು, ಮರುಭೂಮಿಯ ಬೆದುಯಿನ್ ಹೆಂಗಸರು ಯಾವ ಮೂಲೆಯಲ್ಲಿ ತುಪ್ಪ, ಉಣ್ಣೆ ಇಟ್ಟು ಕೂರುತ್ತಿದ್ದರು, ಹೆಜ್ಜೆ ಹಾಕಿ ಅಳೆದು ತೋರಿಸಿದರು. ಅವರ ಅಂಗಡಿ ಇದ್ದ ಜಾಗದಲ್ಲಿ ಈಗ ಚಹಾದ ಹೋಟೆಲು. ಒಂದು ಮಗು, "ನಿಮಗೆ ಬೇಜಾರಾಗಲ್ವಾ?" ಎಂದು ಕೇಳಿತು.

"ಆಗುತ್ತದೆ," ಎಂದರು. "ಚಹಾ ಮಾತ್ರ ಚೆನ್ನಾಗಿ ಮಾಡುತ್ತಾರೆ."

ನೂರಾ ನನ್ನ ಪಕ್ಕ ಬಂದು, "ಮಿಸ್, ತುಪ್ಪದ ಹೆಂಗಸರು ಕೂರೋ ಜಾಗ, ಅದು ಬಟರ್ ಕ್ರಾಸ್ ಥರಾನಾ?" ಎಂದಳು. ಎರಡೂವರೆ ವಾರಗಳ ನಂತರ ನನ್ನೊಡನೆ ಆಡಿದ ಮೊದಲ ಮಾತು. ನನಗೆ ಖಚಿತವಿಲ್ಲ, ಅಲ್ಲಿಯವರನ್ನೇ ಕೇಳೋಣ ಎಂದೆ. ಬ್ರೆಂಡಾ ಹಿಂದಿನಿಂದ, "ನನ್ನ ತಮ್ಮನಿಗೆ ಕಾಗದ ಬರೆಯಿರಿ," ಎಂದರು.

ತಮ್ಮ ಪೀಟರ್ ಹೆಲ್ಮ್‌ಫೋರ್ಡ್‌ನ ಸಂತೆಯಲ್ಲಿ ಮೊಳೆ, ಬೀಗ, ಸುತ್ತಿಗೆ ಮಾರುವವನು. ಅವರ ಅಪ್ಪನ ಕಾಲದಿಂದ ಅದೇ ಜಾಗ. ಮಕ್ಕಳು ಬರೆದ ಪ್ರಶ್ನೆಗಳಲ್ಲಿ, ನಿಮ್ಮ ಸಂತೆಗೆ ಒಂಟೆ ಬರುತ್ತದೆಯೇ ಎಂಬುದೂ ಇತ್ತು. ಆರು ವಾರದ ಮೇಲೆ ಉತ್ತರ ಬಂತು, ದಪ್ಪ ಅಕ್ಷರದ ನಾಲ್ಕು ಹಾಳೆ. ಒಂಟೆ ಬಂದಿಲ್ಲ, ಬಂದರೆ ನಿಲ್ಲಿಸಲು ಜಾಗವೂ ಇಲ್ಲ ಎಂದು ಶುರುಮಾಡಿದ್ದ. ನಿಮ್ಮ ಪುಸ್ತಕ ಹಳೆಯದಾಯಿತು. ಧಾನ್ಯ ಮಾರುತ್ತಿದ್ದ ದೊಡ್ಡ ಕಟ್ಟಡದಲ್ಲಿ ಈಗ ಜನ ಓಡುವ ಯಂತ್ರದ ಮೇಲೆ ಓಡುತ್ತಾರೆ, ಎಲ್ಲಿಗೂ ಹೋಗುವುದಿಲ್ಲ. ದನದ ಸಂತೆ ನಡೆಯುತ್ತಿದ್ದ ಬಯಲಿನಲ್ಲಿ ಸೂಪರ್‌ಮಾರ್ಕೆಟ್ಟು. ನಮ್ಮ ಅಪ್ಪನ ಕಾಲಕ್ಕೆ ಅರವತ್ತು ಅಂಗಡಿ, ಈಗ ಹನ್ನೊಂದು. ಬಟರ್ ಕ್ರಾಸ್ ಅಡಿ ನಮ್ಮ ಅಜ್ಜಿ ಮೊಟ್ಟೆ ಮಾರಿದ್ದಳು. ಈಗ ಶಾಲೆ ಬಿಟ್ಟ ಹುಡುಗರು ಅಲ್ಲಿ ಕೂತು ಫೋನಿನಲ್ಲಿ ಮೆಸೇಜು ಒತ್ತುತ್ತಾರೆ. ನೆರಳಿಗೆ ಬಂದವರು ಅವರು, ನನ್ನದೇನೂ ತಕರಾರಿಲ್ಲ. ವೃದ್ಧಾಶ್ರಮದಲ್ಲಿ ಕೇರಳದ ನರ್ಸುಗಳಿದ್ದಾರೆ, ಬುಧವಾರ ಬಂದು ಮೀನಿನವನಿಗೆ ಬುದ್ಧಿ ಹೇಳುತ್ತಾರೆ.

ನೂರಾ ಆ ಕಾಗದವನ್ನು ತರಗತಿಗೆ ಓದಿದಳು. ಆ ಏಪ್ರಿಲ್‌ನಲ್ಲಿ ಮುಂದಿನ ವರ್ಷಕ್ಕೂ ನೀವು ಬೇಕು ಎಂಬ ಕಾಗದವೂ ಬಂತು. ಬ್ರೆಂಡಾ ನನ್ನ ಬಗ್ಗೆ ಮೇಲಿನವರಿಗೆ ಏನು ಬರೆದಿದ್ದರೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅಲ್ಲಿಂದ ಮುಂದೆ ಪ್ರತಿವರ್ಷ ಪೀಟರನಿಗೆ ಪ್ರಶ್ನೆಗಳು ಹೋದವು. ಕಾಗದ ಹೋಗಿ ಈಮೇಲ್ ಆಯಿತು. ಸ್ಮಾರ್ಟ್ ಬೋರ್ಡ್ ಬಂದ ವರ್ಷ, ಪರದೆಯ ಮೇಲೆ ಹೆಲ್ಮ್‌ಫೋರ್ಡ್‌ನ ಬೀದಿಗಳಲ್ಲಿ ಬೆರಳಿನಿಂದಲೇ ನಡೆಯಬಹುದು ಎಂದಾಗ, ಇನ್ನು ಪೀಟರ್ ಬೇಡವೇನೋ ಅನ್ನಿಸಿತ್ತು. ಆದರೆ ಪರದೆಯ ಬೀದಿಯಲ್ಲಿ ಯಾವಾಗಲೂ ಭಾನುವಾರದ ಹಾಗೆ ಖಾಲಿ, ಕೇಳಿದ್ದಕ್ಕೆ ಉತ್ತರ ಕೊಡುವವರಿಲ್ಲ. ಕೊರೊನಾ ಕಾಲದಲ್ಲಿ ನಾನು ಅಡುಗೆಮನೆಯ ಮೇಜಿನಿಂದ ಪಾಠ ಮಾಡುವಾಗ, ಪೀಟರ್ ಫೋನು ಹಿಡಿದು ಸಂತೆಯ ಚೌಕದಲ್ಲಿ ನಡೆದ. ಇಪ್ಪತ್ತು ಚಿಕ್ಕ ಚೌಕಗಳಲ್ಲಿ ಮಕ್ಕಳ ಮುಖ, ಒಂದರಲ್ಲಿ ಮಳೆ ಬೀಳುವ ಹೆಲ್ಮ್‌ಫೋರ್ಡ್. ಅಂಗಡಿ ಹಾಕಿದ್ದವರು ಅವನೂ ರೊಟ್ಟಿಯವಳೂ ಇಬ್ಬರೇ. ಬ್ರೆಂಡಾ ಅಷ್ಟರಲ್ಲಿ ನಿವೃತ್ತರಾಗಿ ಊರಿಗೆ ಮರಳಿದ್ದರು. ತಮ್ಮನ ಹಿಂದೆ ಕೊಡೆ ಹಿಡಿದು ನಡೆಯುತ್ತಿದ್ದರು.

ನನಗೂ ನಿವೃತ್ತಿಯಾಯಿತು. ಬೀಳ್ಕೊಡುಗೆ, ಕೇಕು, ಗಡಿಯಾರ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಬಾಲ್ಕನಿಯಲ್ಲಿ ನಿಂತರೆ ಶಾಲೆಯ ಬಸ್ಸುಗಳು, ಒಳಗೆ ಬಂದರೆ ಗಡಿಯಾರ. ದಿವಾಕರರೇ ಒಂದು ದಿನ, "ನಿನ್ನ ಆ ಊರಿಗೆ ಒಮ್ಮೆ ಹೋಗಿ ಬರುವನಾ? ಹೋಗದೆ ನಿನಗೆ ಸಮಾಧಾನ ಆಗ್ಲಿಕ್ಕಿಲ್ಲ," ಎಂದರು. ಬ್ರೆಂಡಾ ಆಮಂತ್ರಣದ ಪತ್ರ ಕಳಿಸಿದರು. ವಿಸಿಟ್ ವೀಸಾ ಸಿಕ್ಕಿತು. ಕಳೆದ ಸೆಪ್ಟೆಂಬರಿನ ಒಂದು ಶನಿವಾರ ಬಸ್ಸಿನಿಂದ ಇಳಿದೆವು.

ಚೌಕದ ತುಂಬ ಕಾರುಗಳು ನಿಂತಿದ್ದವು. ಬುಧವಾರ ಬಿಟ್ಟರೆ ಉಳಿದ ದಿನ ಅದು ಪಾರ್ಕಿಂಗ್ ಜಾಗ. ಚರ್ಚಿನ ಮೆಟ್ಟಿಲು ಹತ್ತಿ ನೋಡಿದೆ: ಕೆಳಗೆ ಹೆಂಚಿನ ಮಾಡುಗಳು, ಆಚೆ ಒಂದು ಸಾಲು ಮರ. ನೀರಿನ ಸುಳಿವೇ ಇಲ್ಲ. ನಮ್ಮ ವಾಪಸು ಟಿಕೆಟ್ ಇದ್ದದ್ದು ಬುಧವಾರ ಬೆಳಿಗ್ಗೆಗೆ. ಸಂತೆ ನೋಡದೆಯೇ ಹೊರಡುವ ಹಾಗೆ ಬುಕ್ ಮಾಡಿದ್ದೆ ಎಂದು ಹೊಳೆದದ್ದೇ ಅಲ್ಲಿ. ಅಷ್ಟು ವರ್ಷ ಬುಧವಾರ ಬುಧವಾರ ಎಂದು ಕಲಿಸಿದವಳು ನಾನು.

ಆದರೆ ಬ್ರೆಂಡಾ ಮನೆಯಲ್ಲಿ ಬೇರೆಯೇ ಚಿಂತೆ. ಪೀಟರನ ಮಂಡಿ ಕೆಟ್ಟು ಎರಡು ವಾರದಿಂದ ಅಂಗಡಿ ಹಾಕಿಲ್ಲ. ಮಂಗಳವಾರ ದೂರದ ಆಸ್ಪತ್ರೆಯಲ್ಲಿ ಆಪರೇಷನ್. ಸಂತೆಯ ನಿಯಮದ ಪ್ರಕಾರ ಸತತ ಮೂರು ಬುಧವಾರ ಖಾಲಿ ಬಿಟ್ಟರೆ ಜಾಗ ಹೋಗುತ್ತದೆ. ಅವರ ಅಪ್ಪ ನಿಂತ ಜಾಗಕ್ಕೆ ಇನ್ನೊಬ್ಬರ ಹೆಸರು ಬರುತ್ತದೆ.

"ನಾನು ನಿಲ್ಲುತ್ತೇನೆ," ಎಂದರು ಬ್ರೆಂಡಾ. ವಯಸ್ಸು ಎಪ್ಪತ್ತು ದಾಟಿದೆ. ಆ ಭಾರದ ಪೆಟ್ಟಿಗೆಗಳನ್ನು ಒಬ್ಬರೇ ಎತ್ತುವ ಹಾಗಿರಲಿಲ್ಲ.

ನಾನು ದಿವಾಕರರ ಮುಖ ನೋಡಿದೆ. ಅವರು ಫೋನು ತೆಗೆದು ಟಿಕೆಟನ್ನು ಶುಕ್ರವಾರಕ್ಕೆ ಬದಲಿಸಿದರು. ಆಮೇಲೆ ತುಳುವಿನಲ್ಲಿ ಎಚ್ಚರಿಸಿದರು: ವಿಸಿಟ್ ವೀಸಾ, ಒಂದು ಮೊಳೆಯನ್ನೂ ಮಾರುವ ಹಾಗಿಲ್ಲ, ಜೊತೆಗೆ ನಿಲ್ಲುವುದು ಮಾತ್ರ. ಜೀವಮಾನವಿಡೀ ವೀಸಾದ ಮೇಲೆ ಬದುಕಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬುಧವಾರ ಏಳಕ್ಕೆ ಚೌಕದಲ್ಲಿದ್ದೆವು. ಪಕ್ಕದ ರೊಟ್ಟಿ ಅಂಗಡಿಯವಳು ಬಂದು ಕ್ಯಾನ್ವಾಸು ಕಟ್ಟಿಕೊಟ್ಟಳು. ಬ್ರೆಂಡಾ ಮಾರಿದರು, ನಾನು ಪಕ್ಕದಲ್ಲಿ ನಿಂತೆ. ಹನ್ನೊಂದರ ಹೊತ್ತಿಗೆ ಆಸ್ಪತ್ರೆಯಿಂದ ಕರೆ ಬಂತು, ಮಾತು ಕೇಳಿಸದೆ ಕಟ್ಟಾಯಿತು. ಚೌಕದಲ್ಲಿ ಸಿಗ್ನಲ್ ಸಿಗುವುದಿಲ್ಲ. ಬ್ರೆಂಡಾ ಫೋನನ್ನು ಮೇಲೆತ್ತಿ ಹಿಡಿದು ನೋಡಿದರು. "ಹೋಗಿ ಮಾತಾಡಿ ಬನ್ನಿ," ಎಂದು ದಿವಾಕರರನ್ನು ಜೊತೆ ಮಾಡಿ ಕಳಿಸಿದೆ. ಅವರು ಮೂಲೆ ತಿರುಗಿದ್ದೇ ತಡ, ಕೈಯಲ್ಲಿ ಅಂಗಡಿಗಳ ಹಾಜರಿ ಪಟ್ಟಿ ಹಿಡಿದ ಸಂತೆಯ ಅಧಿಕಾರಿ ಬಂದ. ಅಂಗಡಿ ನೋಡಿದ, ನನ್ನನ್ನು ನೋಡಿದ.

"ಈ ಅಂಗಡಿ ನಿಮ್ಮದಾ?"

ಹೌದು ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಹೌದು ಅಂದರೆ ಗುರುತು ಹಾಕಿ ಮುಂದೆ ಹೋಗುತ್ತಾನೆ.

"ನನ್ನದಲ್ಲ," ಎಂದೆ. "ಪೀಟರನದು. ಅವನಿಗೆ ಆಪರೇಷನ್ ಆಗಿದೆ. ಅವನ ಅಕ್ಕ ಮಾರುತ್ತಿದ್ದಾರೆ, ಆಸ್ಪತ್ರೆಗೆ ಫೋನು ಮಾಡಲು ಹೋಗಿದ್ದಾರೆ. ನಾನು ಅತಿಥಿ. ದೋಹಾದಿಂದ ಬಂದವಳು. ಮಾರುವ ಹಾಗಿಲ್ಲ."

ಅವನು ಪಟ್ಟಿಯ ಮೇಲಿಂದ ಪೆನ್ನು ಎತ್ತಿದ. "ಅಕ್ಕ ಬರುತ್ತಾರಾ?"

"ಬರುತ್ತಾರೆ."

"ಕಾಯುತ್ತೇನೆ," ಎಂದ. ರೊಟ್ಟಿಯವಳ ಹತ್ತಿರ ಬನ್ ತೆಗೆದುಕೊಂಡು, ಅಲ್ಲೇ ನಿಂತು ತಿಂದ. ಹತ್ತು ನಿಮಿಷವಿರಬೇಕು. ಅಷ್ಟು ಉದ್ದದ ಹತ್ತು ನಿಮಿಷವನ್ನು ನಾನು ಯಾವ ಇನ್ಸ್‌ಪೆಕ್ಷನ್ನಿನಲ್ಲೂ ಕಂಡಿಲ್ಲ. ಬ್ರೆಂಡಾ ಮೂಲೆ ತಿರುಗಿ ಬರುವುದು ಕಂಡಿತು. ಓಡಲಾಗದೆ ಓಡುತ್ತಿದ್ದರು, ನಗುತ್ತಿದ್ದರು. ಪೀಟರ್ ಆಗಲೇ ಎದ್ದು ನಾಲ್ಕು ಹೆಜ್ಜೆ ನಡೆದಿದ್ದನಂತೆ. ಅವನು ಕೈ ಒರೆಸಿಕೊಂಡು ಗುರುತು ಹಾಕಿದ.

ಮೂರು ಗಂಟೆಗೆ ಸಂತೆ ಮುಗಿಯಿತು. ಕೊನೆಯ ಪೆಟ್ಟಿಗೆ ಎತ್ತುವ ಮೊದಲೇ ಒಂದು ಕಾರು ಮೂಗು ತೂರಿಸಿತು. ಮನೆಗೆ ಬರುವಷ್ಟರಲ್ಲಿ ಪೀಟರನ ಫೋನು.

"ಗುರುತು ಹಾಕಿದನಾ?"

"ಹಾಕಿದ," ಎಂದರು ಬ್ರೆಂಡಾ, ಫೋನನ್ನು ನನ್ನ ಕೈಗೆ ಕೊಟ್ಟರು.

"ಟೀಚರ್, ಯಾರಾದರೂ ನಿಮ್ಮ ಹತ್ತಿರ ಏನಾದರೂ ಕೇಳಿದರಾ?"

"ಒಬ್ಬರು ಮುದುಕಿ ನದಿಗೆ ದಾರಿ ಕೇಳಿದರು. ಬೇರೆ ಊರಿನವರಂತೆ."

"ಹೇಳಿದಿರಾ?"

"ಹೇಳಿದೆ. ಚರ್ಚು ಎಡಕ್ಕೆ ಬಿಟ್ಟು ಇಳಿಜಾರಿನಲ್ಲಿ ಅರ್ಧ ಮೈಲಿ. ತಲುಪಿರಬೇಕು ಪೀಟರ್. ವಾಪಸು ಬಂದು ಬೈಯಲಿಲ್ಲ."